ಪರೀಕ್ಷೆಗೂ ಕೂಲಿ ಸಲ್ಲಲಿ

ಮುಂಜಾವದ ತಂಪಿನಲ್ಲಿ ಬೀಗದಕೈಯ ಒಂದೇ ತಿರುವಿಗೆ ಚಾಲನೆಗೊಂಡು, ಹೊತ್ತ ಹೊರೆಯೊಡನೆ ಹತ್ತಾರು ಕಿಲೋಮೀಟರು ದಾರಿಯನ್ನು ನಿರಾಯಾಸವಾಗಿ ಕ್ರಮಿಸಿ, ಮಾರುಕಟ್ಟೆಯ ಅಂಗಳದಲ್ಲಿ ಸರಕನ್ನು ಇಳಿಸುವಷ್ಟು ಹೊತ್ತು ನಿಂತ ಬಳಿಕ, ಎಷ್ಟು ಪ್ರಯತ್ನಿಸಿದರೂ ಮತ್ತೆ ಏಳಲೊಲ್ಲದ ಹಳೆಯ ಪಿಕಪ್ ವಾಹನವು ಕೋಲಾರದ ಟೊಮೆಟೊ ಮಾರುಕಟ್ಟೆಯಿಂದ ಮೊದಲ್ಗೊಂಡು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯವರೆಗೆ ಎಲ್ಲೆಡೆಯೂ ಕಾಣಸಿಗುವಂಥದು. ಬಾನೆಟ್ ಎತ್ತಿಟ್ಟು ಒಂದು ಗಂಟೆಯ ಕಾಲ ಕಾದರೆ ಅದೇ ವಾಹನವು ಯಾರ ಕೈಯೂ ಸೋಕದೆ ಚಾಲನೆಗೊಳ್ಳುತ್ತದೆ. ಆದಕಾರಣ ಗ್ಯಾರೇಜಿನ ಬಾಗಿಲಿಗೆ ಬರುವ ವೇಳೆಗೆ ಮೆಕ್ಯಾನಿಕ್ಕನ ಕಣ್ಣೆದುರಿಗೆ ನಿಲ್ಲುವುದು ಯಾವ ದೋಷವೂ ಇಲ್ಲದ ವಾಹನ. “ಗಾಡಿ ಬಿಸಿಯಾದ ಮೇಲೆ ಸ್ಟಾರ್ಟ್ ಆಗಲ್ಲ ಅಣ್ಣ” ಎಂಬ ಚಾಲಕನ ಒಂದು ಮಾತಿನ ಹೊರತು ಆತನ ಬಳಿ ಬೇರೆ ಸಾಕ್ಷ್ಯವಿರುವುದಿಲ್ಲ. ಅನಂತರ ಊಹೆಯ ಮೇಲೆ ಊಹೆ ನಡೆಯುತ್ತದೆ. ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರು, ತರುವಾಯ ಡೀಸೆಲ್ ಫಿಲ್ಟರು, ಕಡೆಗೆ ನಾಜಲ್‌ಗಳು ಎಂಬ ಕ್ರಮದಲ್ಲಿ ಒಂದೊಂದೇ ಬದಲಾಗುತ್ತವೆ, ಹಣವು ವೆಚ್ಚವಾಗುತ್ತದೆ, ದೋಷವು ಮಾತ್ರ ಮರುದಿನ ಮಧ್ಯಾಹ್ನ ಅದೇ ಅಂಗಳದಲ್ಲಿ ಪುನಃ ಪ್ರತ್ಯಕ್ಷವಾಗುತ್ತದೆ. ಈ ದುಃಸ್ಥಿತಿಗೆ ಮೆಕ್ಯಾನಿಕ್ಕರ ಅಜ್ಞಾನವೇ ಕಾರಣವೆಂದು ಹೇಳುವವರುಂಟು. ನಾನು ಅದನ್ನು ಒಪ್ಪಲಾರೆ. ದೋಷದ ಮೂಲವನ್ನು ವಿಚಾರಮಾಡಿ ಕಂಡುಹಿಡಿಯುವ ಕಾರ್ಯಕ್ಕೆ ನಾವು ಪ್ರತ್ಯೇಕವಾದ ಕೂಲಿಯನ್ನು ಕೊಡದಿರುವುದೇ ಇದರ ಮುಖ್ಯ ಕಾರಣವೆಂಬುದೂ, ಆ ಕೂಲಿಯನ್ನು ಕೊಡುವ ಪದ್ಧತಿಯು ರೂಢಿಗೆ ಬಂದ ಹೊರತು ಬಡ ವಾಹನಮಾಲೀಕನ ನಷ್ಟವು ನಿಲ್ಲದೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಇದು ಕೇವಲ ಯಂತ್ರಾಸಕ್ತರ ವಿನೋದದ ವಿಷಯವಲ್ಲ. 1988ರಲ್ಲಿ ಟಾಟಾಮೊಬೈಲ್ ಎಂಬ ಪಿಕಪ್ ವಾಹನವು ಮಾರುಕಟ್ಟೆಗೆ ಬಂದ ಕಾಲದಿಂದ ಇಂದಿನ ಬೊಲೆರೊ ಪಿಕಪ್ಪಿನ ಕಾಲದವರೆಗೆ, ಲಾರಿಗೆ ಸಾಲದಷ್ಟು ಸಣ್ಣದಾದ ಮತ್ತು ಎತ್ತಿನ ಗಾಡಿಗೆ ಮೀರಿದಷ್ಟು ದೊಡ್ಡದಾದ ಸರಕನ್ನು ಹಳ್ಳಿಯಿಂದ ಪಟ್ಟಣಕ್ಕೆ ಸಾಗಿಸುವ ಭಾರವನ್ನು ಈ ವರ್ಗದ ವಾಹನಗಳೇ ಹೊತ್ತಿವೆ. ಹೊಸ ವಾಹನವನ್ನು ಕೊಳ್ಳುವ ಶಕ್ತಿಯಿಲ್ಲದ ಯುವಕನು ಹತ್ತು ಹನ್ನೆರಡು ವರ್ಷ ಹಳೆಯದಾದುದನ್ನು ಸಾಲ ಮಾಡಿ ಕೊಂಡು, ತಾನೇ ಮಾಲೀಕನೂ ತಾನೇ ಚಾಲಕನೂ ಆಗಿ, ಹೂವು, ತರಕಾರಿ, ಹಾಲಿನ ಕ್ಯಾನು, ಸಿಮೆಂಟು, ಮದುವೆಯ ಪಾತ್ರೆ ಮುಂತಾದ ಸಮಸ್ತವನ್ನೂ ಬಾಡಿಗೆಗೆ ಸಾಗಿಸಿ ಜೀವನ ನಡೆಸುತ್ತಾನೆ. ಎಂಟು ವರ್ಷ ಮೀರಿದ ಸಾರಿಗೆ ವಾಹನಕ್ಕೆ ಪ್ರತಿವರ್ಷವೂ ಅರ್ಹತಾಪತ್ರವನ್ನು ನವೀಕರಿಸಬೇಕೆಂಬುದು ನಿಯಮ; ಅದರ ಖರ್ಚು, ವಿಮೆಯ ಖರ್ಚು, ಸಾಲದ ಕಂತು ಇವೆಲ್ಲವನ್ನೂ ತೀರಿಸಿ ಉಳಿದುದರಲ್ಲಿ ಆತನ ಸಂಸಾರವು ನಡೆಯಬೇಕು. ಇಂಥವನ ವಾಹನವು ಕೃಷ್ಣರಾಜೇಂದ್ರ ಮಾರುಕಟ್ಟೆಯ ಬಳಿ ಬಿಸಿಲಿನಲ್ಲಿ ಎರಡು ಗಂಟೆ ನಿಂತುಬಿಟ್ಟರೆ, ಆ ದಿನದ ಎರಡನೆಯ ಬಾಡಿಗೆಯು ಕೈತಪ್ಪುತ್ತದೆ. ಮೂರು ಬಾರಿ ಹಾಗಾದರೆ ಕರೆಯುವ ವ್ಯಾಪಾರಿಯು ಬೇರೊಬ್ಬನನ್ನು ಕರೆಯತೊಡಗುತ್ತಾನೆ. ಇದರ ಮೇಲೆ ಅನಾವಶ್ಯಕವಾದ ಬಿಡಿಭಾಗಗಳಿಗೆ ಸಾವಿರಾರು ರೂಪಾಯಿ ತೆರುವಂತಾದರೆ ಅದು ಅನ್ಯಾಯವೇ ಸರಿ.

ಈ ದೋಷವು ನಿಗೂಢವೆಂಬ ಭಾವನೆಯು ಮೊದಲು ತೊಲಗಬೇಕು. ಎಂಜಿನು ನಿಂತ ಕೂಡಲೆ ಬಾನೆಟ್ಟಿನ ಕೆಳಗಿನ ಭಾಗಗಳೆಲ್ಲವೂ ತಣ್ಣಗಾಗತೊಡಗುತ್ತವೆಯೆಂದು ಅನೇಕರು ತಿಳಿದಿದ್ದಾರೆ. ವಸ್ತುಸ್ಥಿತಿಯು ಇದಕ್ಕೆ ವಿಪರೀತವಾದುದು. ವಾಹನವು ಓಡುತ್ತಿರುವಾಗ ರೇಡಿಯೇಟರಿನ ನೀರು ಪರಿಭ್ರಮಿಸುತ್ತಿರುತ್ತದೆ, ಫ್ಯಾನು ತಿರುಗುತ್ತಿರುತ್ತದೆ, ಎದುರುಗಾಳಿಯು ಒಳನುಗ್ಗಿ ಉಷ್ಣವನ್ನು ಹೊರಗೊಯ್ಯುತ್ತಿರುತ್ತದೆ. ಬೀಗದಕೈಯನ್ನು ತಿರುಗಿಸಿ ಎಂಜಿನನ್ನು ನಿಲ್ಲಿಸಿದೊಡನೆಯೇ ಈ ಮೂರೂ ಒಟ್ಟಿಗೆ ನಿಂತುಹೋಗುತ್ತವೆ. ಆದರೆ ಸೈಲೆನ್ಸರಿಗೆ ಹೊಗೆಯನ್ನೊಯ್ಯುವ ಕಬ್ಬಿಣದ ಮ್ಯಾನಿಫೋಲ್ಡಿನಲ್ಲಿಯೂ ಎಂಜಿನಿನ ಭಾರವಾದ ಒಡಲಿನಲ್ಲಿಯೂ ಸಂಚಿತವಾದ ತಾಪವು ಎಲ್ಲಿಯೂ ಹೋಗದೆ, ಅಕ್ಕಪಕ್ಕದಲ್ಲಿರುವ ತಂತಿ, ಸುರುಳಿ, ಪಂಪು, ಕೊಳವೆಗಳಿಗೆ ನಿಧಾನವಾಗಿ ಹರಡತೊಡಗುತ್ತದೆ. ಎಂಜಿನು ನಿಂತ ಅನಂತರದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿಯೇ ಈ ಭಾಗಗಳು ಅತ್ಯಂತ ಹೆಚ್ಚಿನ ತಾಪಕ್ಕೆ ಗುರಿಯಾಗುವುದು ಸಾಮಾನ್ಯ. ನಿಲ್ಲಿಸಿದ ಎರಡು ನಿಮಿಷದೊಳಗೆ ತಿರುಗಿಸಿದರೆ ಏಳುವ, ಅರ್ಧ ಗಂಟೆಯ ಮೇಲೆ ಏಳದಿರುವ, ಒಂದೂವರೆ ಗಂಟೆಯ ಮೇಲೆ ಮತ್ತೆ ಏಳುವ ವಾಹನದ ನಡತೆಯು ಹೀಗೆ ಸಂಪೂರ್ಣವಾಗಿ ಸಕಾರಣವಾದುದು. ಇಂತಿಷ್ಟು ಹೊತ್ತಿಗೆ ಏಳುತ್ತದೆ, ಇಂತಿಷ್ಟು ಹೊತ್ತಿಗೆ ಏಳುವುದಿಲ್ಲವೆಂದು ಚಾಲಕನು ಗಮನಿಸಿ ಹೇಳಬಲ್ಲನಾದರೆ, ಆ ಒಂದು ಮಾತಿನಿಂದಲೇ ವಿಚಾರಣೆಯ ಬಹುಭಾಗವು ಹಗುರವಾಗುತ್ತದೆ.

ಕ್ರಮವರಿತ ಮೆಕ್ಯಾನಿಕ್ಕನು ಮೊದಲು ಕೇಳತಕ್ಕ ಪ್ರಶ್ನೆಯೊಂದೇ: ಬಿಸಿಯಾಗಿರುವಾಗ ಸೆಲ್ಫ್ ತಿರುಗುತ್ತದೆಯೋ ಇಲ್ಲವೋ? ಬೀಗದಕೈ ತಿರುಗಿಸಿದಾಗ ಟಕ್ಕೆಂಬ ಸದ್ದಾಗಿ ಸುಮ್ಮನಾಗುವ ಅಥವಾ ಎಂಜಿನನ್ನು ತಿಣುಕುತ್ತ ನಿಧಾನವಾಗಿ ತಿರುಗಿಸುವ ವಾಹನವೂ, ಲವಲವಿಕೆಯಿಂದ ತಿರುಗಿಯೂ ಉರಿಹಿಡಿಯದ ವಾಹನವೂ ಬೇರೆ ಬೇರೆ ಎರಡು ದೋಷಗಳಿಂದ ಪೀಡಿತವಾದವು. ಒಂದಕ್ಕೆ ವಿದ್ಯುತ್ತಿನ ಮಾರ್ಗದಲ್ಲಿಯೂ ಮತ್ತೊಂದಕ್ಕೆ ಬಹುಮಟ್ಟಿಗೆ ಇಂಧನದ ಮಾರ್ಗದಲ್ಲಿಯೂ ಶೋಧ ನಡೆಸಬೇಕು. ಈ ವಿಭಾಗವನ್ನು ಮಾಡದೆ ಎರಡೂ ಮಾರ್ಗಗಳಲ್ಲಿ ಏಕಕಾಲಕ್ಕೆ ಬಿಡಿಭಾಗಗಳನ್ನು ಬದಲಾಯಿಸುವುದರಿಂದಲೇ ಅರ್ಧದಷ್ಟು ಹಣವು ವ್ಯರ್ಥವಾಗುತ್ತದೆ.

ಸೆಲ್ಫ್ ತಿರುಗದಿರುವ ಪಕ್ಷವನ್ನು ಮೊದಲು ನೋಡೋಣ. ತಾಮ್ರದ ತಂತಿಯು ಬಿಸಿಯಾದಂತೆಲ್ಲ ಅದರ ವಿದ್ಯುನ್ನಿರೋಧವು ಒಂದೊಂದು ಡಿಗ್ರಿಗೆ ಶೇಕಡ 0.4ರಷ್ಟು ಏರುತ್ತದೆಂಬುದು ಭೌತಶಾಸ್ತ್ರದ ಪಾಠ. ಎಂದರೆ, 30 ಡಿಗ್ರಿಯಲ್ಲಿದ್ದ ಸುರುಳಿಯು 90 ಡಿಗ್ರಿಗೆ ಬಂದಾಗ ನಿರೋಧವು ಹತ್ತಿರ ಹತ್ತಿರ ಕಾಲುಭಾಗದಷ್ಟು ಅಧಿಕವಾಗುತ್ತದೆ. ಸೆಲ್ಫ್ ಮೋಟಾರಿನ ಮೇಲಿರುವ ಸೋಲೆನಾಯ್ಡಿನ ಸುರುಳಿಗೂ ಇದೇ ಗತಿ. ಅದರಲ್ಲಿ ಹರಿಯುವ ವಿದ್ಯುತ್ತು ತಗ್ಗಿ, ಸೆಳೆಯುವ ಶಕ್ತಿಯು ಕುಂದುತ್ತದೆ. ಹೊಸ ವಾಹನದಲ್ಲಿ ಈ ಕುಂದನ್ನು ತಾಳಿಕೊಳ್ಳುವಷ್ಟು ಹೆಚ್ಚಳವಿರುತ್ತದೆ. ಆದರೆ ವರ್ಷಗಳು ಕಳೆದು, ಬ್ಯಾಟರಿಯ ತುದಿಗಳಲ್ಲಿ ಕಿಲುಬು ಕಟ್ಟಿ, ಅರ್ಥ್ ತಂತಿಯ ಬೋಲ್ಟು ತುಕ್ಕು ಹಿಡಿದು, ಮೋಟಾರಿನೊಳಗಿನ ಬುಷ್‌ಗಳು ಸವೆದು ಆರ್ಮೇಚರು ಒಂದು ಮಗ್ಗುಲಿಗೆ ತಾಗತೊಡಗಿದ ಮೇಲೆ, ಬಿಸಿಯ ಈ ಅಲ್ಪ ಹೊರೆಯೇ ಮಿತಿಮೀರಿದ ಹೊರೆಯಾಗುತ್ತದೆ. ಇದನ್ನು ಪತ್ತೆಹಚ್ಚಲು ಬೇಕಾದುದು ಸಾಧಾರಣವಾದ ಒಂದು ಮಲ್ಟಿಮೀಟರು. ವಾಹನವು ಬಿಸಿಯಾಗಿ ಹಟ ಹಿಡಿದಿರುವಾಗಲೇ ಒಬ್ಬನು ಬೀಗದಕೈ ತಿರುಗಿಸುತ್ತಿರಲು ಇನ್ನೊಬ್ಬನು ಬ್ಯಾಟರಿಯ ಧನಾಗ್ರಕ್ಕೂ ಸೆಲ್ಫಿನ ದಪ್ಪ ತಂತಿಯ ತುದಿಗೂ ನಡುವಣ ವ್ಯತ್ಯಾಸವನ್ನು ಅಳೆಯಬೇಕು. ಅದು ಅರ್ಧ ವೋಲ್ಟನ್ನು ಮೀರಿದರೆ ತಂತಿಯಲ್ಲಿಯೋ ಕೀಲಿನಲ್ಲಿಯೋ ದೋಷವಿದೆ. ಅದೇ ರೀತಿ ಬ್ಯಾಟರಿಯ ಋಣಾಗ್ರಕ್ಕೂ ಎಂಜಿನಿನ ಮೈಗೂ ನಡುವೆ ಅಳೆಯಬೇಕು. ಪೂರ್ಣವಾಗಿ ಚಾರ್ಜಾದ ಬ್ಯಾಟರಿಯು ವಿಶ್ರಾಂತಿಯಲ್ಲಿ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು. ಸೆಲ್ಫ್ ಹೊಡೆಯುವಾಗ 9.6ರ ಕೆಳಕ್ಕೆ ಕುಸಿದರೆ ಬ್ಯಾಟರಿಯನ್ನೂ ಅದನ್ನು ತುಂಬುವ ಡೈನಮೊವನ್ನೂ, ಅಳತೆಗೆ ಮೀರಿ ವಿದ್ಯುತ್ತನ್ನು ಸೆಳೆಯುತ್ತಿರಬಹುದಾದ ಮೋಟಾರನ್ನೂ ಪರೀಕ್ಷಿಸಬೇಕು. ಹತ್ತು ನಿಮಿಷದ ಈ ಕೆಲಸವನ್ನು ಮಾಡದೆ ಬ್ಯಾಟರಿ ಬದಲಿಸಿದವನಿಗೆ, ಅರ್ಥ್ ತಂತಿಯ ಬೋಲ್ಟನ್ನು ಬಿಚ್ಚಿ ಉಜ್ಜಿ ಬಿಗಿದರೆ ಸಾಕಾಗುತ್ತಿತ್ತೆಂಬುದು ತಿಳಿಯುವುದೇ ಇಲ್ಲ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಎಂಜಿನು ಏಳದಿರುವ ಪಕ್ಷವು ಇದಕ್ಕಿಂತ ಗಹನವಾದುದು. ನಮ್ಮ ಪಿಕಪ್ ವಾಹನಗಳಲ್ಲಿ ಬಹುಪಾಲು ಡೀಸೆಲ್ಲಿನವು. ಅವುಗಳಲ್ಲಿ ಕಿಡಿಯ ವ್ಯವಸ್ಥೆಯಿಲ್ಲವಾದ್ದರಿಂದ, ಸಂಕೋಚಗೊಂಡ ಗಾಳಿಯ ಶಾಖಕ್ಕೆ ಸರಿಯಾದ ಕ್ಷಣದಲ್ಲಿ ಸಾಕಷ್ಟು ಡೀಸೆಲ್ ಸಿಂಪಡಿಸಲ್ಪಡುತ್ತಿದೆಯೇ ಎಂಬುದೇ ಪ್ರಶ್ನೆ. ಇದನ್ನು ಅರಿಯಲು ಕಾಸು ಖರ್ಚಿಲ್ಲದ ಪರೀಕ್ಷೆಯೊಂದುಂಟು: ಸೆಲ್ಫ್ ಹೊಡೆಯುತ್ತಿರುವಾಗ ಸೈಲೆನ್ಸರಿನ ಬಾಯಿಯನ್ನು ನೋಡುವುದು. ಬಿಳಿಯ ಹೊಗೆ ಬರುತ್ತಿದ್ದರೆ ಡೀಸೆಲ್ಲು ಸಿಲಿಂಡರನ್ನು ಮುಟ್ಟಿದೆ, ಉರಿಹಿಡಿಯುತ್ತಿಲ್ಲ. ಏನೂ ಬಾರದಿದ್ದರೆ ಡೀಸೆಲ್ಲೇ ಮುಟ್ಟುತ್ತಿಲ್ಲ. ತಣ್ಣಗಿರುವಾಗ ಸುಲಭವಾಗಿ ಏಳುವ ಎಂಜಿನಿನಲ್ಲಿ ಹೀಟರ್ ಪ್ಲಗ್ಗುಗಳನ್ನು ಶಂಕಿಸಬೇಕಾದುದಿಲ್ಲ. ಪಿಸ್ಟನ್ ರಿಂಗುಗಳ ಸವೆತವೂ ಸಾಮಾನ್ಯವಾಗಿ ತಂಪಿನಲ್ಲಿಯೇ ಹೆಚ್ಚು ತೊಂದರೆ ಕೊಡತಕ್ಕದ್ದು. ಹೀಗಿರುವಲ್ಲಿ “ಎಂಜಿನು ಇಳಿಸಬೇಕು” ಎಂಬ ಮಾತನ್ನು ಕೇಳಿ ಮಾಲೀಕನು ಎದೆಗುಂದುವ ಮುನ್ನ, ಇಂಧನದ ಪಂಪಿನತ್ತ ದೃಷ್ಟಿ ಹರಿಯಬೇಕು.

ಈ ಪಂಪಿನ ಕಥೆಯಲ್ಲಿ ನಮ್ಮ ನಾಡಿಗೂ ಭಾಗವುಂಟು. ಜರ್ಮನಿಯ ಬಾಷ್ ಸಂಸ್ಥೆಯು ಡೀಸೆಲ್ ಇಂಜೆಕ್ಷನ್ ಪಂಪನ್ನು 1927ರಿಂದ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಸ್ಥಾಪಿತವಾದ ಅದರ ಭಾರತೀಯ ಅಂಗವು, ಜನರ ಬಾಯಲ್ಲಿ ಮೈಕೋ ಎಂದು ಹೆಸರಾದುದು, ಬೆಂಗಳೂರಿನ ಆಡುಗೋಡಿಯಲ್ಲಿ ಅಂಥ ಪಂಪುಗಳನ್ನು ದಶಕಗಳ ಕಾಲ ನಿರ್ಮಿಸಿತು. ಜಿಲ್ಲೆ ಜಿಲ್ಲೆಗಳಲ್ಲಿ ಪಂಪು ಮತ್ತು ನಾಜಲ್‌ಗಳನ್ನು ಪರೀಕ್ಷಿಸುವ ಅಂಗಡಿಗಳು ಹುಟ್ಟಿಕೊಂಡದ್ದು ಈ ವಿದ್ಯೆಯ ಬಲದಿಂದ. ಪಂಪಿನೊಳಗಿನ ಲೋಹದ ಭಾಗಗಳ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಮೂರು ಭಾಗದಷ್ಟು ಮಾತ್ರ; ಆ ಸಂದಿನಲ್ಲಿ ಡೀಸೆಲ್ಲು ಸೋರದಿರುವುದು ಅದರ ಸ್ನಿಗ್ಧತೆಯಿಂದ. 40 ಡಿಗ್ರಿಯಲ್ಲಿದ್ದ ಡೀಸೆಲ್ಲು 80 ಡಿಗ್ರಿಗೆ ಏರಿದರೆ ಸ್ನಿಗ್ಧತೆಯು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪಂಪು ಸವೆದಿದ್ದರೆ ತೆಳುವಾದ ಈ ಡೀಸೆಲ್ಲು ನಾಜಲ್ಲಿನತ್ತ ಹೋಗದೆ ಸಂದಿನಲ್ಲಿಯೇ ಹಿಂದಕ್ಕೆ ಜಾರುತ್ತದೆ. ಎಂಜಿನು ಓಡುತ್ತಿರುವಾಗ ಪಂಪಿನ ವೇಗವು ಅಧಿಕವಾದ್ದರಿಂದ ಜಾರಲು ಅವಕಾಶ ಸಾಲದು. ಸೆಲ್ಫ್ ಹೊಡೆಯುವಾಗಲಾದರೋ ಎಂಜಿನಿನ ವೇಗವು ನಿಮಿಷಕ್ಕೆ 200 ಸುತ್ತಿನ ಆಸುಪಾಸು ಮಾತ್ರವಾದ್ದರಿಂದ ಸೋರಿಕೆಯೇ ಮೇಲುಗೈ ಪಡೆಯುತ್ತದೆ. ಓಡುವಾಗ ಯಾವ ನ್ಯೂನತೆಯನ್ನೂ ತೋರದ ವಾಹನವು ನಿಂತ ಮೇಲೆ ಏಳದಿರುವ ರಹಸ್ಯವಿದು.

ಹಳೆಯ ಮೇಸ್ತ್ರಿಗಳು ಇದಕ್ಕೊಂದು ಪರೀಕ್ಷೆಯನ್ನು ಕಂಡುಕೊಂಡಿದ್ದಾರೆ. ವಾಹನವು ಬಿಸಿಯಲ್ಲಿ ಹಟ ಹಿಡಿದಾಗ, ಎಂಜಿನು ನಿಂತಿರುವಂತೆಯೇ, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಕೆಲವು ನಿಮಿಷ ಬಿಡುತ್ತಾರೆ. ಎಂಜಿನಿನ ಉಳಿದ ಭಾಗವೆಲ್ಲ ಬಿಸಿಯಾಗಿಯೇ ಇರಲು ಪಂಪೊಂದು ಮಾತ್ರ ತಣ್ಣಗಾದಾಗ ವಾಹನವು ಎದ್ದರೆ ಪಂಪಿನ ಮೇಲಣ ಶಂಕೆಯು ಬಹುಮಟ್ಟಿಗೆ ದೃಢಪಡುತ್ತದೆ. ಎಂಜಿನು ಓಡುತ್ತಿರುವಾಗ ತಣ್ಣೀರು ಸುರಿಯತಕ್ಕದ್ದಲ್ಲ. ಒಳಭಾಗಗಳು ಹಠಾತ್ತಾಗಿ ಕುಗ್ಗಿ ಪಂಪು ಹಿಡಿದುಕೊಳ್ಳುವ ಅಪಾಯವುಂಟು. ಒಂದು ಕಾರಣವನ್ನು ಮಾತ್ರ ಬದಲಾಯಿಸಿ, ಉಳಿದ ಸಮಸ್ತವನ್ನೂ ಇದ್ದಂತೆಯೇ ಇರಿಸಿ, ಫಲವನ್ನು ನೋಡುವ ಈ ವಿಧಾನವು ಪ್ರಯೋಗಶಾಲೆಯ ವಿಜ್ಞಾನಿಯ ವಿಧಾನಕ್ಕಿಂತ ಯಾವ ವಿಧದಲ್ಲಿಯೂ ಕೀಳಾದುದಲ್ಲ. ಅಕ್ಷರಜ್ಞಾನವು ಅಲ್ಪವಾಗಿದ್ದ ಮೇಸ್ತ್ರಿಗಳೂ ಇಂಥ ಪರೀಕ್ಷೆಗಳನ್ನು ತಮ್ಮ ಶಿಷ್ಯರಿಗೆ ಕಲಿಸಿಕೊಟ್ಟಿದ್ದಾರೆಂಬುದನ್ನು ನೆನೆದಾಗ ನನಗೆ ಅವರಲ್ಲಿ ಗೌರವವು ಉಕ್ಕುತ್ತದೆ.

ಶಂಕಿಸತಕ್ಕ ಇನ್ನುಳಿದ ಭಾಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ಪಂಪಿನ ಮೇಲಿರುವ, ಬೀಗದಕೈ ತಿರುಗಿದೊಡನೆ ಇಂಧನದ ದಾರಿಯನ್ನು ತೆರೆಯುವ ಸೋಲೆನಾಯ್ಡಿನ ಸುರುಳಿಯು ಬಿಸಿಗೆ ಕಡಿದುಹೋಗಿ ಆರಿದ ಮೇಲೆ ಕೂಡಿಕೊಳ್ಳಬಹುದು. ಬೀಗದಕೈಯ ಮೊದಲ ತಿರುವಿಗೆ ಅದರ ಟಕ್ಕೆಂಬ ಸಣ್ಣ ಸದ್ದು ಕೇಳಿಸದಿದ್ದರೆ ಅಲ್ಲಿಯೇ ಅಳೆದು ನೋಡಬೇಕು. ಟ್ಯಾಂಕಿನಿಂದ ಬರುವ ಕೊಳವೆಯ ಕೀಲುಗಳಲ್ಲಿ ಗಾಳಿ ಸೇರುತ್ತಿರಬಹುದು. ಟಪೆಟ್ ಸಂದು ತೀರ ಕಡಮೆಯಾಗಿದ್ದರೆ ವಾಲ್ವು ಬಿಸಿಗೆ ಹಿಗ್ಗಿ ಪೂರ್ಣವಾಗಿ ಮುಚ್ಚಿಕೊಳ್ಳದೆ ಸಂಕೋಚವು ನಷ್ಟವಾಗಬಹುದು. ಡೀಸೆಲ್ಲನ್ನು ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಹಂಚುವ ಕಾಮನ್ ರೈಲ್ ವ್ಯವಸ್ಥೆಯ ವಾಹನಗಳಲ್ಲಿ, ಎಂಜಿನು ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರು ಬಿಸಿಯಲ್ಲಿ ಮೂಕವಾಗುವುದು ಸುಪರಿಚಿತವಾದ ದೋಷ; ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಎಂಜಿನಿನ ವೇಗವು ಸೊನ್ನೆಯೆಂದು ಕಂಡರೆ ಶಂಕೆಯು ಮೊದಲು ಅದರ ಮೇಲೆ ಬೀಳಬೇಕು. ಸವೆದ ಇಂಜೆಕ್ಟರುಗಳಲ್ಲಿ ತೆಳುವಾದ ಡೀಸೆಲ್ಲು ಹಿಂದಿರುಗಿ ಹರಿದು ರೈಲಿನ ಒತ್ತಡವು ಏರದಿರುವುದೂ ಉಂಟು. ಹಿಂದಿರುಗುವ ಡೀಸೆಲ್ಲನ್ನು ಒಂದೊಂದು ಇಂಜೆಕ್ಟರಿನಿಂದ ಒಂದೊಂದು ಬಾಟಲಿಗೆ ಹಿಡಿದು ಹೋಲಿಸಿದರೆ ಅಪರಾಧಿಯು ಸಿಕ್ಕಿಬೀಳುತ್ತದೆ. ಈ ವ್ಯವಸ್ಥೆಯಲ್ಲಿ ಒತ್ತಡವು ಸಾವಿರ ಬಾರ್‌ಗೂ ಮೀರಬಹುದಾದ್ದರಿಂದ ಹಳೆಯ ಪಂಪಿನ ಎಂಜಿನುಗಳಲ್ಲಿ ಮಾಡುವಂತೆ ಕೊಳವೆಯನ್ನು ಸಡಿಲಿಸಿ ನೋಡುವುದು ಪ್ರಾಣಾಪಾಯಕರ. ಪೆಟ್ರೋಲ್ ವಾಹನವಾದರೆ ಕೊಳವೆಯಲ್ಲಿಯೋ ಕಾರ್ಬುರೇಟರಿನಲ್ಲಿಯೋ ಪೆಟ್ರೋಲು ಕುದಿದು ಆವಿಯಾಗುವುದನ್ನೂ, ಕಿಡಿ ಕೊಡುವ ಕಾಯಿಲನ್ನೂ ಪರೀಕ್ಷಿಸಬೇಕು.

ಇಷ್ಟನ್ನೂ ಇಲ್ಲಿ ವಿವರಿಸಿದ್ದು ವಾಚಕರನ್ನು ಮೆಕ್ಯಾನಿಕ್ಕರನ್ನಾಗಿ ಮಾಡುವ ಉದ್ದೇಶದಿಂದಲ್ಲ. ಈ ಪರೀಕ್ಷೆಗಳಲ್ಲಿ ಯಾವುದಕ್ಕೂ ಬೆಲೆಬಾಳುವ ಯಂತ್ರಸಾಮಗ್ರಿಯು ಹೆಚ್ಚಾಗಿ ಬೇಕಿಲ್ಲವೆಂಬುದೂ, ಆದರೆ ಎಲ್ಲಕ್ಕೂ ಎರಡು ಸಂಗತಿಗಳು ಅನಿವಾರ್ಯವೆಂಬುದೂ ಸ್ಪಷ್ಟವಾಗಲೆಂದು ವಿವರಿಸಿದೆ. ವಾಹನವು ಬಿಸಿಯಾಗಿರಬೇಕು, ಮೆಕ್ಯಾನಿಕ್ಕನಿಗೆ ಬಿಡುವಿರಬೇಕು. ವಾಹನವನ್ನು ಹೊರೆಯೊಡನೆ ಓಡಿಸಿ ಬಿಸಿಮಾಡಿ, ನಿಲ್ಲಿಸಿ ಅರ್ಧ ಗಂಟೆ ಕಾದು, ದೋಷವು ಕಾಣಿಸಿಕೊಂಡ ಆ ಅಲ್ಪಾವಧಿಯಲ್ಲಿಯೇ ಅಳತೆಗಳನ್ನು ತೆಗೆದುಕೊಳ್ಳಬೇಕಾಗುತ್ತದೆ. ಎಂದರೆ, ಅರ್ಧ ದಿವಸದ ಕೆಲಸ. ಈ ಅರ್ಧ ದಿವಸದ ಕಡೆಯಲ್ಲಿ ಆತನು ಕಂಡುಹಿಡಿದದ್ದು ಅರ್ಥ್ ತಂತಿಯ ತುಕ್ಕನ್ನಾದರೆ, ಉಜ್ಜುವ ಕಾಗದದ ಒಂದು ತುಣುಕಿನ ಹೊರತು ಆತನು ಲೆಕ್ಕದಲ್ಲಿ ತೋರಿಸಬಹುದಾದುದು ಏನೂ ಇರುವುದಿಲ್ಲ. ಅದಕ್ಕಾಗಿ ಐನೂರು ರೂಪಾಯಿ ಕೇಳಿದರೆ ಮಾಲೀಕನು ಜಗಳಕ್ಕೆ ನಿಲ್ಲುತ್ತಾನೆ. ಅದೇ ಮಾಲೀಕನು ಹೊಸ ಬ್ಯಾಟರಿಗೆ ಅದರ ಹತ್ತು ಪಟ್ಟು ಹಣವನ್ನು ಮರುಮಾತಿಲ್ಲದೆ ಎಣಿಸಿ ಕೊಡುತ್ತಾನೆ. ಏಕೆಂದರೆ ಬ್ಯಾಟರಿಯು ಕಣ್ಣಿಗೆ ಕಾಣುವ ವಸ್ತು. ಬಿಡಿಭಾಗದ ಮಾರಾಟದಲ್ಲಿ ಲಾಭವೂ ಪರೀಕ್ಷೆಯಲ್ಲಿ ನಷ್ಟವೂ ಕಟ್ಟಿಟ್ಟಿರುವ ವ್ಯವಸ್ಥೆಯೊಳಗೆ, ಬಿಡಿಭಾಗಗಳು ಮಾರಾಟವಾಗುತ್ತವೆ, ಪರೀಕ್ಷೆಗಳು ನಡೆಯುವುದಿಲ್ಲ. ಇದರಲ್ಲಿ ಮೆಕ್ಯಾನಿಕ್ಕನ ದುಷ್ಟತನವನ್ನು ಹುಡುಕುವುದು ತಪ್ಪು. ಆತನೂ ಅಂಗಡಿಯ ಬಾಡಿಗೆ ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು.

ವೈದ್ಯನ ಬಳಿಗೆ ಹೋದಾಗ ನಾವು ಹೀಗೆ ನಡೆದುಕೊಳ್ಳುವುದಿಲ್ಲ. ಆತನು ನಾಡಿ ಹಿಡಿದು, ಎದೆಗೆ ಕಿವಿಗೊಟ್ಟು, ನಾಲ್ಕು ಪ್ರಶ್ನೆಗಳನ್ನು ಕೇಳಿ, “ಔಷಧದ ಅಗತ್ಯವಿಲ್ಲ, ನಿದ್ರೆ ಸಾಕು” ಎಂದು ಹೇಳಿ ಕಳುಹಿದರೂ ಆತನ ಶುಲ್ಕವನ್ನು ಕೃತಜ್ಞತೆಯಿಂದ ಸಲ್ಲಿಸುತ್ತೇವೆ. ಮಾತ್ರೆಗಳನ್ನು ಬರೆಯದಿದ್ದುದರಿಂದ ಶುಲ್ಕಕ್ಕೆ ಆತನು ಅನರ್ಹನಾದನೆಂದು ಭಾವಿಸುವುದಿಲ್ಲ. ಯಂತ್ರದ ವ್ಯಾಧಿಯನ್ನು ಅರಿಯುವವನ ಬುದ್ಧಿಗೂ ಇದೇ ಮರ್ಯಾದೆಯು ಸಲ್ಲಬೇಕು. ಆತನ ಕೈಗೆ ಹತ್ತಿದ ಎಣ್ಣೆಯು ಆತನ ವಿಚಾರಶಕ್ತಿಯನ್ನು ನಮ್ಮ ಕಣ್ಣಿನಿಂದ ಮರೆಮಾಚತಕ್ಕದ್ದಲ್ಲ.

ಬಿಸಿಯಲ್ಲಿ ಮಾತ್ರ ದೋಷವನ್ನು ತೋರುವ ವಾಹನವನ್ನು ತಣ್ಣಗಿರುವಾಗ ಪರೀಕ್ಷಿಸಿ ನಿರ್ದೋಷವೆಂದು ಸಾರುವುದರಿಂದ ಎಂಥ ಅನರ್ಥವುಂಟಾಗಬಹುದೆಂಬುದಕ್ಕೆ ಅಮೆರಿಕದ ಒಂದು ಪ್ರಕರಣವು ಸಾಕ್ಷಿಯಾಗಿದೆ. 1983ರಿಂದ ಮೊದಲ್ಗೊಂಡು ಫೋರ್ಡ್ ಸಂಸ್ಥೆಯು ತನ್ನ ಹಲವು ಕಾರುಗಳಲ್ಲಿಯೂ ಪಿಕಪ್ ವಾಹನಗಳಲ್ಲಿಯೂ ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನ ಮೈಮೇಲೆಯೇ, ಎಂದರೆ ಎಂಜಿನಿನ ತಾಪವು ನೇರವಾಗಿ ತಟ್ಟುವ ಸ್ಥಳದಲ್ಲಿ, ಕೂರಿಸಿತು. ಬಿಸಿಯಾದಾಗ ಅದು ಕೆಲಸವನ್ನು ನಿಲ್ಲಿಸಿ ಎಂಜಿನು ಆರಿಹೋಗುತ್ತಿತ್ತು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿತ್ತು. ಹೀಗಾಗಿ ದೋಷವನ್ನು ಹಿಡಿದು ತೋರಿಸುವುದು ಮಾಲೀಕರಿಗೆ ಬಹು ಕಷ್ಟವಾಯಿತು. ಸರ್ಕಾರದ ಸುರಕ್ಷತಾ ಇಲಾಖೆಯು ವಿಚಾರಣೆ ನಡೆಸಿಯೂ ವಾಹನಗಳನ್ನು ಹಿಂದಕ್ಕೆ ಕರೆಸಲಿಲ್ಲ. ಕಡೆಗೆ ಮಾಲೀಕರು ಹೂಡಿದ ದಾವೆಯಲ್ಲಿ ಕ್ಯಾಲಿಫೋರ್ನಿಯದ ಅಲಮೀಡಾ ಕೌಂಟಿಯ ನ್ಯಾಯಾಧೀಶ ಮೈಕೆಲ್ ಬ್ಯಾಲಚಿ ಅವರು, ಸಂಸ್ಥೆಯು ಈ ದೋಷದ ವಿಷಯವನ್ನು ಮರೆಮಾಚಿತೆಂದು ನಿರ್ಣಯಿಸಿ, ಆ ರಾಜ್ಯದ 17 ಲಕ್ಷದವರೆಗಿನ ವಾಹನಗಳನ್ನು ಹಿಂದಕ್ಕೆ ಕರೆಸಬೇಕೆಂದು 2000ನೆಯ ಅಕ್ಟೋಬರಿನಲ್ಲಿ ಆದೇಶಿಸಿದರು. ಸಂಸ್ಥೆಯು ಆರೋಪವನ್ನು ನಿರಾಕರಿಸಿತಾದರೂ 2001ರಲ್ಲಿ ರಾಜಿಗೆ ಒಪ್ಪಿತು. ದೋಷವು ಮೊದಲು ಹುಟ್ಟಿದ ಕಾಲದಿಂದ ನ್ಯಾಯವು ದೊರೆತ ಕಾಲದವರೆಗೆ ಹದಿನೇಳು ಹದಿನೆಂಟು ವರ್ಷಗಳು ಕಳೆದುಹೋದವು. ದೋಷವು ಯಾವ ಸ್ಥಿತಿಯಲ್ಲಿ ಪ್ರಕಟವಾಗುತ್ತದೆಯೋ ಆ ಸ್ಥಿತಿಯಲ್ಲಿಯೇ ಅದನ್ನು ಪರೀಕ್ಷಿಸತಕ್ಕದ್ದೆಂಬ ಸರಳವಾದ ನಿಯಮವು ಹಳ್ಳಿಯ ಗ್ಯಾರೇಜಿಗೆ ಅನ್ವಯಿಸುವಂತೆಯೇ ಜಗತ್ತಿನ ಮಹಾಸಂಸ್ಥೆಗಳಿಗೂ ಅನ್ವಯಿಸುತ್ತದೆ.

ನನ್ನ ಪ್ರತಿಪಾದನೆಗೆ ಆಕ್ಷೇಪಗಳು ಬರಬಹುದು. ಬಡ ಚಾಲಕನ ಮೇಲೆ ಪರೀಕ್ಷೆಯ ಶುಲ್ಕವೆಂಬ ಮತ್ತೊಂದು ಹೊರೆಯನ್ನು ಹೇರುವುದು ಸಲ್ಲದೆಂದು ಕೆಲವರು ಹೇಳಿಯಾರು. ಆದರೆ ಆ ಹೊರೆಯನ್ನು ಆತನು ಈಗಾಗಲೇ ಹೊರುತ್ತಿದ್ದಾನೆ. ಬೇಡದ ಬ್ಯಾಟರಿ, ಬೇಡದ ಫಿಲ್ಟರು, ಬೇಡದ ಸೆಲ್ಫ್ ಮೋಟಾರುಗಳ ಬೆಲೆಯೊಳಗೆ ಅದು ಅಡಗಿದೆ. ಬೆಳಕಿಗೆ ತಂದ ಶುಲ್ಕವು ಅಡಗಿದ ಶುಲ್ಕಕ್ಕಿಂತ ಸದಾ ಲೇಸು. ಶುಲ್ಕ ಪಡೆದು ಪರೀಕ್ಷಿಸದೆಯೇ ಕಳುಹಿಸುವ ವಂಚಕರು ಹುಟ್ಟಿಯಾರೆಂಬುದು ಎರಡನೆಯ ಆಕ್ಷೇಪ. ಅದಕ್ಕೆ ಉತ್ತರವಾಗಿ, ಏನನ್ನು ಅಳೆದೆ, ಎಷ್ಟು ಬಂದಿತು, ಆಗ ವಾಹನವು ಬಿಸಿಯಾಗಿತ್ತೇ ಎಂಬ ಮೂರು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಡುವ ಪದ್ಧತಿಯು ಸಾಕು. ಅಂಕಿಗಳನ್ನು ಬರೆದು ಸಹಿಮಾಡಬೇಕಾದಲ್ಲಿ ವಂಚನೆಯು ಅಷ್ಟು ಸುಲಭವಲ್ಲ, ಮತ್ತು ಆ ಚೀಟಿಯನ್ನು ಕೈಯಲ್ಲಿ ಹಿಡಿದು ಮಾಲೀಕನು ಎರಡನೆಯ ಅಭಿಪ್ರಾಯವನ್ನು ಕೇಳಬಹುದು. ಸ್ಕ್ಯಾನರುಗಳು ಬಂದ ಮೇಲೆ ವಿಚಾರಮಾಡುವ ಅಗತ್ಯವೇ ಉಳಿದಿಲ್ಲವೆಂಬ ಮೂರನೆಯ ಮಾತು ನಿರಾಧಾರವಾದುದು. ಸ್ಕ್ಯಾನರು ಒತ್ತಡವು ಕಡಮೆಯಿದೆಯೆಂದು ಹೇಳೀತು. ಅದು ಪಂಪಿನ ಸವೆತದಿಂದಲೋ, ಇಂಜೆಕ್ಟರಿನ ಸೋರಿಕೆಯಿಂದಲೋ, ಕಟ್ಟಿಕೊಂಡ ಫಿಲ್ಟರಿನಿಂದಲೋ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ತಂತಿಯ ಮೇಲಿನ ತುಕ್ಕನ್ನು ತೋರುವ ಸಂಕೇತವು ಬಹುತೇಕ ಯಾವ ಹಳೆಯ ವಾಹನದ ಕಂಪ್ಯೂಟರಿನಲ್ಲಿಯೂ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ವಾಹನಮಾಲೀಕನು ಗ್ಯಾರೇಜಿಗೆ ಹೋಗುವಾಗ ದೋಷದ ವಿವರವನ್ನು ಬರೆದೊಯ್ಯಲಿ: ಎಷ್ಟು ಹೊತ್ತು ಓಡಿದ ಮೇಲೆ, ನಿಲ್ಲಿಸಿದ ಎಷ್ಟು ಹೊತ್ತಿಗೆ, ಸೆಲ್ಫ್ ತಿರುಗುತ್ತದೆಯೇ, ಹೊಗೆ ಬರುತ್ತದೆಯೇ, ಮತ್ತೆ ಎದ್ದದ್ದು ಯಾವಾಗ ಎಂಬುದಿಷ್ಟೇ. “ಯಾವ ಭಾಗ ಹಾಕಿಸಬೇಕು” ಎಂದು ಕೇಳುವುದನ್ನು ಬಿಟ್ಟು “ನೋಡುವುದಕ್ಕೆ ಎಷ್ಟಾಗುತ್ತದೆ” ಎಂದು ಮೊದಲು ಕೇಳಲಿ, ಕೇಳಿ ಕೊಡಲಿ. ಗ್ಯಾರೇಜಿನವರು ಪರೀಕ್ಷೆಯ ದರವನ್ನು ಗೋಡೆಯ ಮೇಲೆ ಬರೆದು ತೂಗುಹಾಕಲಿ; ವಾಹನವನ್ನು ಬಿಟ್ಟುಹೋಗುವಂತೆ ಹೇಳಿ, ಬಿಸಿಮಾಡಿಯೇ ಪರೀಕ್ಷಿಸಲಿ. 1950ರಲ್ಲಿ ದೇಶದಾದ್ಯಂತ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಐಟಿಐಗಳಲ್ಲಿ ಇಂದು ಡೀಸೆಲ್ ಮೆಕ್ಯಾನಿಕ್ ವೃತ್ತಿಯನ್ನು ಒಂದು ವರ್ಷವೂ ಮೋಟಾರು ವಾಹನದ ವೃತ್ತಿಯನ್ನು ಎರಡು ವರ್ಷವೂ ಕಲಿಸುತ್ತಾರೆ. ಕಳಚಿ ಜೋಡಿಸುವ ಕೌಶಲದೊಂದಿಗೆ, ಒಮ್ಮೆ ಕಂಡು ಒಮ್ಮೆ ಅಡಗುವ ದೋಷವನ್ನು ಬೆನ್ನಟ್ಟುವ ವಿವೇಕಕ್ಕೂ ಅಲ್ಲಿನ ಪರೀಕ್ಷೆಯಲ್ಲಿ ಅಂಕಗಳಿರಲಿ; ಗುರುಗಳು ಬೇಕೆಂದೇ ಒಂದು ದೋಷವನ್ನು ಅಡಗಿಸಿಟ್ಟ ಎಂಜಿನನ್ನು ಮುಂದಿಟ್ಟು, ಯಾವ ಭಾಗವನ್ನೂ ಬದಲಿಸದೆ ಕಾರಣವನ್ನು ಹೇಳೆಂದು ವಿದ್ಯಾರ್ಥಿಯನ್ನು ಕೇಳಲಿ.

ಸರ್ಕಾರಕ್ಕೂ ಇಲ್ಲಿ ಕರ್ತವ್ಯವಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಚೌಕಟ್ಟನ್ನು ರೂಪಿಸಲು 2022ರಲ್ಲಿ ಸಮಿತಿಯನ್ನು ನೇಮಿಸಿ, ಕೃಷಿ ಉಪಕರಣ, ಮೊಬೈಲು ಮೊದಲಾದವುಗಳೊಡನೆ ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ಇದು ಶ್ಲಾಘನೀಯವಾದ ಆರಂಭ. ಆದರೆ ದುರಸ್ತಿಯ ಹಕ್ಕೆಂದರೆ ಬಿಡಿಭಾಗವು ದೊರೆಯುವ ಹಕ್ಕು ಮಾತ್ರವೆಂದು ತಿಳಿದರೆ ನಾವು ಹಳೆಯ ತಪ್ಪನ್ನೇ ಹೊಸ ಹೆಸರಿನಲ್ಲಿ ಮುಂದುವರಿಸಿದಂತಾಗುತ್ತದೆ. ಯಾವ ತಂತಿಯಲ್ಲಿ ಎಷ್ಟು ವೋಲ್ಟು ಬರಬೇಕು, ಯಾವ ಸುರುಳಿಯ ನಿರೋಧವು ಎಷ್ಟಿರಬೇಕು, ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡವು ಎಷ್ಟನ್ನು ಮುಟ್ಟಬೇಕು ಎಂಬ ಮಾಹಿತಿಯು ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಗಳಿಗೆ ಸೀಮಿತವಾಗದೆ, ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ಕನ ಕೈಗೂ, ಸಾಧ್ಯವಾದ ಮಟ್ಟಿಗೆ ಕನ್ನಡದಲ್ಲಿಯೇ, ದೊರೆಯಬೇಕು. ಅಳತೆಯ ಪ್ರಮಾಣವು ತಿಳಿಯದವನಿಗೆ ಮೀಟರಿನಿಂದ ಏನು ಪ್ರಯೋಜನ?

ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ಮಾತು ಈಗ ಬಹಳವಾಗಿ ಕೇಳಿಬರುತ್ತಿದೆ. ದುರಸ್ತಿಗೆ ಮೀರಿದವುಗಳನ್ನು, ಹೊಗೆಯುಗುಳಿ ಪರರ ಆರೋಗ್ಯವನ್ನು ಕೆಡಿಸುವವುಗಳನ್ನು ರಸ್ತೆಯಿಂದ ತೆಗೆಯುವುದು ನ್ಯಾಯವೇ. ಆದರೆ ಒಂದು ತಂತಿಯ, ಒಂದು ಸುರುಳಿಯ, ಒಂದು ಪಂಪಿನ ದೋಷವನ್ನು ಕಂಡುಹಿಡಿಯುವವರಿಲ್ಲದೆ ದುಡಿಯಬಲ್ಲ ವಾಹನವೊಂದು ಗುಜರಿ ಸೇರುವುದೂ, ಅದರೊಡನೆ ಒಂದು ಸಂಸಾರದ ಜೀವನೋಪಾಯವು ಮುರಿಯುವುದೂ ನಾಡಿಗೆ ನಷ್ಟ. ಆ ನಷ್ಟವನ್ನು ತಡೆಯಬಲ್ಲ ವಿದ್ಯೆಯು ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಈಗಲೂ ಇದೆ. ಅದು ಬೆಳೆಯಬೇಕಾದರೆ ಅದಕ್ಕೆ ಆದಾಯವಿರಬೇಕು. ಮುಂದಿನ ಬಾರಿ ಮೆಕ್ಯಾನಿಕ್ಕನು ಯಾವ ಭಾಗವನ್ನೂ ಬದಲಿಸದೆ ನಮ್ಮ ವಾಹನವನ್ನು ಸರಿಪಡಿಸಿದಾಗ, ಆತನು ವಿಚಾರಕ್ಕೆ ವ್ಯಯಿಸಿದ ಹೊತ್ತಿಗೆ ಚೌಕಾಶಿಯಿಲ್ಲದೆ ಹಣ ಕೊಡೋಣ; ಆತನು ನಮಗೆ ಉಳಿಸಿಕೊಟ್ಟದ್ದು ಅದಕ್ಕಿಂತ ಹೆಚ್ಚೆಂಬುದನ್ನು ಲೆಕ್ಕವೇ ತೋರಿಸಿಕೊಡುತ್ತದೆ.